ಹುಳುವಿನ ಪುಡಿ ಹಂದಿಮರಿಯ ಭೇದಿ ನಿಲ್ಲಿಸುತ್ತದೆಯೇ?

ಪ್ರಶ್ನೆ: ನಾವು ಕೊಡಗಿನ ಸೋಮವಾರಪೇಟೆ ತಾಲ್ಲೂಕಿನವರು. ಕಾಫಿ ತೋಟದ ಜೊತೆಗೆ ಹನ್ನೆರಡು ತಾಯಿ ಹಂದಿಗಳನ್ನು ಸಾಕಿದ್ದೇವೆ. ಮರಿಗಳಿಗೆ 35ನೇ ದಿನಕ್ಕೆ ಹಾಲು ಬಿಡಿಸುತ್ತೇವೆ. ಬಿಡಿಸಿದ ನಾಲ್ಕೈದು ದಿನಗಳಲ್ಲಿ ನೀರಿನಂಥ ಭೇದಿ ಶುರುವಾಗುತ್ತದೆ. ಮಳೆಗಾಲದಲ್ಲಂತೂ ಒಂದೊಂದು ಸೂಲಿನಲ್ಲಿ ಎರಡು ಮೂರು ಮರಿಗಳು ಸಾಯುತ್ತವೆ. ಉಳಿದವು ತಿಂಗಳುಗಟ್ಟಲೆ ಸೊರಗಿಕೊಂಡೇ ಇರುತ್ತವೆ. 100 ಕೆ.ಜಿ. ಆಹಾರದಲ್ಲಿ 30 ಕೆ.ಜಿ. ಸೋಯಾ ಹಿಂಡಿ, 5 ಕೆ.ಜಿ. ಒಣಮೀನಿನ ಪುಡಿ, ಉಳಿದದ್ದು ಮೆಕ್ಕೆಜೋಳ, ತೌಡು, ಖನಿಜ ಮಿಶ್ರಣ, ಸುಣ್ಣದ ಪುಡಿ. ಔಷಧಿ ಅಂಗಡಿಯಲ್ಲಿ ಕೊಟ್ಟ ಆಂಟಿಬಯಾಟಿಕ್ ಪುಡಿಯನ್ನು ಪ್ರತಿ ಸಲವೂ ಬೆರೆಸುತ್ತೇವೆ. ಮೊದಲು ಅದರಿಂದ ಭೇದಿ ನಿಲ್ಲುತ್ತಿತ್ತು, ಈಗ ನಿಲ್ಲುತ್ತಿಲ್ಲ. ಇತ್ತೀಚೆಗೆ ಬಂದ ಮಾರಾಟಗಾರರೊಬ್ಬರು, “ಕಪ್ಪು ಸೈನಿಕ ನೊಣದ ಹುಳುವಿನ ಪುಡಿಯನ್ನು ನೂರಕ್ಕೆ ಹತ್ತು ಕೆ.ಜಿ. ಹಾಕಿ. ಅದರ ಕೊಬ್ಬಿನಲ್ಲಿರುವ ಲಾರಿಕ್ ಆಮ್ಲ ರೋಗಾಣುಗಳನ್ನೆಲ್ಲ ಕೊಲ್ಲುತ್ತದೆ, ಔಷಧಿಯೇ ಬೇಡ” ಎಂದರು. ಚೀಲದ ಮೇಲೆ ಪ್ರೋಟೀನ್ 55%, ಕೊಬ್ಬು 8% ಎಂದಿದೆ. ಅಷ್ಟು ದುಡ್ಡು ಯಾಕೆ, ಸುತ್ತಲಿನ ಹೋಂಸ್ಟೇಗಳ ಮುಸುರೆ ತಂದು ನಾವೇ ಹುಳು ಬೆಳೆಸೋಣ ಎನ್ನುತ್ತಾನೆ ನನ್ನ ತಮ್ಮ. ಹುಳು ತಿನ್ನಿಸಿದರೆ ಮರಿಗಳ ಹೊಟ್ಟೆಯಲ್ಲಿ ಹುಳುವಾಗುತ್ತದೆ ಎಂದು ಅತ್ತೆಯವರ ಆತಂಕ. ಯಾರ ಮಾತು ಕೇಳಲಿ, ಡಾಕ್ಟರೇ?

ಉತ್ತರ: ಮೊದಲು ನಿಮ್ಮ ಅತ್ತೆಯವರಿಗೆ ಸಮಾಧಾನ ಹೇಳಿಬಿಡೋಣ. ಹಂದಿಯ ಕರುಳಿನ ಜಂತುಹುಳುವಿಗೂ ನೊಣದ ಮರಿಹುಳುವಿಗೂ ಯಾವ ನೆಂಟಸ್ತಿಕೆಯೂ ಇಲ್ಲ. ಜಂತು ಬರುವುದು ನೆಲದಲ್ಲಿ, ಮಲದಲ್ಲಿ ಉಳಿದ ಜಂತುವಿನದೇ ಮೊಟ್ಟೆಯಿಂದ. ಬೇಯಿಸಿ, ಒಣಗಿಸಿ, ಬೀಸಿದ ಹುಳು ಹೊಟ್ಟೆಯೊಳಗೆ ಮತ್ತೆ ಹುಳುವಾಗುವುದಾದರೆ ನೀವು ಇಷ್ಟು ದಿನ ಹಾಕಿದ ಒಣಮೀನಿನ ಪುಡಿಯೂ ಮೀನಾಗಿ ಈಜಬೇಕಿತ್ತು. ಹಂದಿಗೆ ಹುಳು ಹೊಸ ಆಹಾರವೂ ಅಲ್ಲ. ರಾತ್ರಿ ನಿಮ್ಮ ತೋಟಕ್ಕೆ ನುಗ್ಗುವ ಕಾಡುಹಂದಿ ಗಿಡದ ಬುಡ ಕೆದಕುವುದು ಗೆಡ್ಡೆಗೆ ಮಾತ್ರವಲ್ಲ, ಗೊಣ್ಣೆ ಹುಳುವಿಗೂ ಹೌದು. ಆದರೆ ಅತ್ತೆಯವರ ಅನುಮಾನವನ್ನು ಪೂರ್ತಿ ತಳ್ಳಿಹಾಕಬೇಡಿ, ಮುಂದೆ ಅದರ ಅಗತ್ಯ ಬೀಳುತ್ತದೆ.

ನಿಮ್ಮ ಪತ್ರ ಓದಿದಾಗ ನನಗೆ ಅನಿಸಿದ್ದು, ನಿಮ್ಮ ನಿಜವಾದ ಚಿಂತೆ ಹುಳುವಿನದಲ್ಲ. ಕೈಹಿಡಿಯುತ್ತಿದ್ದ ಔಷಧಿ ಕೈಬಿಟ್ಟಿದೆ, ಅದರ ಜಾಗಕ್ಕೆ ಇನ್ನೊಂದು ಪುಡಿ ಬೇಕಾಗಿದೆ. ಹಾಗೆ ಜಾಗ ತುಂಬುವ ವಸ್ತು ಇದಲ್ಲ. ಏಕೆ ಎಂದು ಹೇಳಲು ಹಾಲು ಬಿಟ್ಟ ಮರಿಯ ಹೊಟ್ಟೆಯೊಳಗೆ ಏನಾಗುತ್ತದೆ ಎಂಬುದನ್ನು ಸ್ವಲ್ಪ ವಿವರವಾಗಿ ನೋಡಬೇಕು.

ತಾಯಿಯ ಜೊತೆಗಿರುವಾಗ ಮರಿ ಹೆಚ್ಚುಕಡಿಮೆ ಗಂಟೆಗೊಮ್ಮೆ ಹಾಲು ಕುಡಿಯುತ್ತದೆ, ಹಗಲೂ ರಾತ್ರಿಯೂ. ಬೆಚ್ಚಗಿನ, ಸಲೀಸಾಗಿ ಜೀರ್ಣವಾಗುವ ಹಾಲು. ಅದರ ಸಕ್ಕರೆಯನ್ನು ಒಳ್ಳೆಯ ಬ್ಯಾಕ್ಟೀರಿಯಾಗಳು ಹುಳಿ ಮಾಡುತ್ತವೆ. ಮರಿಯ ಹೊಟ್ಟೆಗೆ ಇನ್ನೂ ಸಾಕಷ್ಟು ಆಮ್ಲ ಸುರಿಸುವ ಶಕ್ತಿ ಬಂದಿರುವುದಿಲ್ಲ, ಈ ಹುಳಿಯೇ ಅದಕ್ಕೆ ಕಾವಲು. ಹಾಲಿನಲ್ಲಿ ಬರುವ ಪ್ರತಿಕಾಯಗಳು ಕರುಳಿನ ಒಳಮೈಗೆ ಲೇಪ ಹಚ್ಚಿದ ಹಾಗೆ ಅಂಟಿಕೊಂಡು ರೋಗಾಣುಗಳನ್ನು ದೂರ ಇಟ್ಟಿರುತ್ತವೆ. ನೀವು ತಾಯಿ ಹಂದಿಗೆ ಲಸಿಕೆ ಹಾಕಿಸಿದ್ದರೆ ಅದರ ಫಲವೂ ಈ ಹಾಲಿನ ಮೂಲಕವೇ ಸಿಗುವಂಥದ್ದು.

35ನೇ ದಿನ ಬೆಳಿಗ್ಗೆ ಇವೆಲ್ಲ ಒಟ್ಟಿಗೆ ನಿಂತುಹೋಗುತ್ತವೆ. ತಾಯಿ ಇಲ್ಲ. ಬೇರೆ ಸೂಲಿನ ಮರಿಗಳ ಜೊತೆ ಕಚ್ಚಾಟ. ತಣ್ಣನೆಯ ಸಿಮೆಂಟು. ಹಾಲಿನ ಬದಲು ಒಣ ಹಿಟ್ಟು. ಬಹಳ ಮರಿಗಳು ಮೊದಲ ದಿನ ಏನೂ ತಿನ್ನುವುದಿಲ್ಲ, ಕೆಲವು ಎರಡು ದಿನವಾದರೂ ಮುಟ್ಟುವುದಿಲ್ಲ. ಸಣ್ಣ ಕರುಳಿನ ಒಳಮೈ ಹೊಸ ಟರ್ಕಿ ಟವೆಲಿನ ಹಾಗೆ, ಎಳೆ ಎಳೆಯಾಗಿ ಎದ್ದು ನಿಂತಿರುತ್ತದೆ. ಆ ಎಳೆಗಳೇ ಆಹಾರವನ್ನು ಹೀರುವುದು. ಅವು ಬದುಕುವುದು ಬಹುಪಾಲು ಕರುಳಿನೊಳಗೆ ಹರಿಯುವ ಆಹಾರದಿಂದಲೇ. ಒಂದು ದಿನ ಉಪವಾಸ ಬಿದ್ದರೆ ಸಾಕು, ಎಳೆಗಳು ಕುಗ್ಗಲು ಶುರುವಾಗುತ್ತವೆ. ನಾಲ್ಕೈದು ದಿನಗಳಲ್ಲಿ ಟವೆಲು ಹೋಗಿ ಸವೆದ ಪಂಚೆಯಾಗಿರುತ್ತದೆ.

ಮೂರನೆಯ ದಿನ ಹಸಿವು ತಡೆಯದೆ ಮರಿ ತೊಟ್ಟಿಗೆ ಬೀಳುತ್ತದೆ. ಹೊಟ್ಟೆ ಬಿರಿಯುವಷ್ಟು ತಿನ್ನುತ್ತದೆ. ಜೀರ್ಣಿಸುವ ಜಾಗವೇ ಸವೆದಿರುವಾಗ 30 ಕೆ.ಜಿ. ಸೋಯಾದ ಪ್ರೋಟೀನ್ ಎಲ್ಲಿಗೆ ಹೋಗಬೇಕು? ಅರ್ಧಂಬರ್ಧ ಜೀರ್ಣವಾಗಿ ದೊಡ್ಡ ಕರುಳಿಗೆ ಇಳಿಯುತ್ತದೆ, ಅಲ್ಲಿ ಕೊಳೆಯುತ್ತದೆ. ಸೋಯಾದ ಕೆಲವು ಪ್ರೋಟೀನ್‌ಗಳಿಗೆ ಎಳೆಯ ಕರುಳು ಅಲರ್ಜಿಯ ರೀತಿಯಲ್ಲಿ ಪ್ರತಿಕ್ರಿಯಿಸುವುದೂ ಉಂಟು. ಸರಿಯಾಗಿ ಹುರಿಯದ ಹಿಂಡಿಯಾದರೆ ಪ್ರೋಟೀನ್ ಜೀರ್ಣಿಸುವ ಕಿಣ್ವವನ್ನೇ ತಡೆಯುವ ಅಂಶವೂ ಅದರಲ್ಲಿ ಉಳಿದಿರುತ್ತದೆ.

ಇ. ಕೋಲಿ ಕಾಯುತ್ತಿದ್ದುದು ಇದಕ್ಕೇ. ಎಲ್ಲ ಇ. ಕೋಲಿಯೂ ಕೆಟ್ಟದ್ದಲ್ಲ. ಎಫ್4, ಎಫ್18 ಎಂದು ಗುರುತಿಸುವ, ಕರುಳಿಗೆ ಅಂಟಿಕೊಳ್ಳಲು ಕೂದಲಿನಂಥ ಕೊಕ್ಕೆಗಳಿರುವ ಬಗೆಗಳೇ ಈ ಭೇದಿಗೆ ಮುಖ್ಯ ಕಾರಣ. ಅಂಟಿಕೊಂಡು ವಿಷ ಬಿಡುತ್ತವೆ. ಆ ವಿಷ ಕರುಳನ್ನು ಹುಣ್ಣು ಮಾಡುವುದಿಲ್ಲ, ಕೇವಲ ನಲ್ಲಿ ತಿರುಗಿಸಿ ಹೋಗುತ್ತದೆ. ಮೈಯ ನೀರೆಲ್ಲ ಕರುಳಿಗೆ ಸುರಿದು ಹೊರಗೆ ಹೋಗುತ್ತದೆ. ನಿಮ್ಮ ಮರಿಗಳು ಸಾಯುವುದು ಬಹುಮಟ್ಟಿಗೆ ನೀರು ಮತ್ತು ಉಪ್ಪಿನಂಶ ಕಳೆದುಕೊಂಡು. ನಾಲ್ಕು ಅಥವಾ ಐದನೇ ದಿನ ಎಂದು ನೀವು ಕೊಟ್ಟ ಲೆಕ್ಕ ಇದಕ್ಕೆ ಸರಿಯಾಗಿ ಹೊಂದುತ್ತದೆ. ಆದರೂ ಪರೀಕ್ಷೆ ಮಾಡಿಸದೆ ಖಚಿತವಾಗಿ ಹೇಳುವಂತಿಲ್ಲ, ರೋಟಾ ವೈರಸ್ಸೂ ಇದೇ ವಯಸ್ಸಿನಲ್ಲಿ ಕಾಡುತ್ತದೆ.

ಈಗ ಮಾರಾಟಗಾರರ ಚೀಲಕ್ಕೆ ಬರೋಣ. ಲಾರಿಕ್ ಆಮ್ಲದ ಮಾತು ಸುಳ್ಳಲ್ಲ. ಸೈನಿಕ ನೊಣದ ಹುಳುವಿನ ಕೊಬ್ಬಿನಲ್ಲಿ ಸಾಮಾನ್ಯವಾಗಿ ಮೂರನೇ ಒಂದು ಭಾಗದಿಂದ ಅರ್ಧದವರೆಗೆ ಲಾರಿಕ್ ಆಮ್ಲವೇ ಇರುತ್ತದೆ. ನಮ್ಮ ತೆಂಗಿನೆಣ್ಣೆಯಲ್ಲಿರುವುದೂ ಅದೇ. ಪ್ರಯೋಗಾಲಯದ ಗಾಜಿನ ಕೊಳವೆಯಲ್ಲಿ ಅದು ಕೆಲವು ಬ್ಯಾಕ್ಟೀರಿಯಾಗಳನ್ನು ಚೆನ್ನಾಗಿಯೇ ಹತ್ತಿಕ್ಕುತ್ತದೆ. ಆದರೆ ನಿಮ್ಮ ಚೀಲದಲ್ಲಿ ಕೊಬ್ಬು 8% ಅಂತೆ. ಎಣ್ಣೆ ಹಿಂಡದ ಪುಡಿಯಾಗಿದ್ದರೆ 30%ರ ಆಸುಪಾಸಿನಲ್ಲಿ ಇರಬೇಕಿತ್ತು. ನಿಮಗೆ ತೋರಿಸಿರುವುದು ಎಣ್ಣೆ ಹಿಂಡಿದ ಪುಡಿ. ಎಣ್ಣೆ ಬೇರೆ ಯಾರಿಗೋ ಮಾರಾಟವಾಗಿದೆ, ಎಣ್ಣೆಯ ಕತೆಯನ್ನು ಮಾತ್ರ ನಿಮಗೆ ಮಾರುತ್ತಿದ್ದಾರೆ.

ಲೆಕ್ಕ ಹಾಕಿ. ಅವರು ಹೇಳಿದಂತೆ ನೂರಕ್ಕೆ 10 ಕೆ.ಜಿ. ಹಾಕಿದರೂ ಕೊಬ್ಬು 800 ಗ್ರಾಂ. ಅದರಲ್ಲಿ ಲಾರಿಕ್ 40% ಎಂದುಕೊಂಡರೆ 320 ಗ್ರಾಂ. ಅದೇ ಎಣ್ಣೆ ಹಿಂಡದ ಪುಡಿ 5 ಕೆ.ಜಿ. ಹಾಕಿದರೆ ಕೊಬ್ಬು ಒಂದೂವರೆ ಕೆ.ಜಿ., ಲಾರಿಕ್ 600 ಗ್ರಾಂ. ಅಂದರೆ ಅರ್ಧ ಪುಡಿಯಲ್ಲಿ ಸುಮಾರು ಎರಡರಷ್ಟು. ಬರೀ ಲಾರಿಕ್ ಆಮ್ಲವೇ ಬೇಕೆಂದಿದ್ದರೆ ಒಂದು ಕೆ.ಜಿ. ಮುನ್ನೂರು ಗ್ರಾಂ ತೆಂಗಿನೆಣ್ಣೆ ಅಷ್ಟನ್ನೇ ಕೊಡುತ್ತದೆ. ಇವತ್ತಿನ ತೆಂಗಿನೆಣ್ಣೆಯ ಬೆಲೆಗೆ ಅದನ್ನು ಹಂದಿಗೆ ಸುರಿಯಿರಿ ಎಂದು ಹೇಳುವ ಧೈರ್ಯ ನನಗಿಲ್ಲ, ಹೋಲಿಕೆಗಾಗಿ ಹೇಳಿದೆ.

ಇನ್ನೊಂದು ವಿಷಯ ಮಾರಾಟಗಾರರು ಹೇಳಿರಲಾರರು. ಲಾರಿಕ್ ಆಮ್ಲದ ಏಟು ಬೀಳುವುದು ಹೆಚ್ಚಾಗಿ ಸ್ಟ್ರೆಪ್ಟೊಕಾಕಸ್, ಕ್ಲಾಸ್ಟ್ರಿಡಿಯಂನಂಥ ಬ್ಯಾಕ್ಟೀರಿಯಾಗಳ ಮೇಲೆ. ಇ. ಕೋಲಿಯ ಹೊರಗೆ ಇನ್ನೊಂದು ಪೊರೆಯಿದೆ, ಮಳೆಗಾಲದಲ್ಲಿ ಹೊದ್ದ ಕೊರಂಬಿನ ಹಾಗೆ. ಲಾರಿಕ್ ಆಮ್ಲ ಅದರ ಮೇಲೆ ಜಾರಿಹೋಗುತ್ತದೆ. ನಿಮ್ಮ ಶೆಡ್ಡಿನ ಶತ್ರು ಇ. ಕೋಲಿಯೇ ಆಗಿದ್ದರೆ ಈ ಬಾಣ ಗುರಿ ಮುಟ್ಟುವುದಿಲ್ಲ. ಬೆಲ್ಜಿಯಂನಲ್ಲಿ ಹಾಲು ಬಿಟ್ಟ ಮರಿಗಳ ಮೇಲೆ ನಡೆಸಿದ ಪ್ರಯೋಗದಲ್ಲೂ ಆದದ್ದು ಇದೇ. ಗಾಜಿನ ಕೊಳವೆಯಲ್ಲಿ ಸೊಗಸಾದ ಫಲಿತಾಂಶ, ಜೀವಂತ ಮರಿಯ ಕರುಳಿನಲ್ಲಿ ಸ್ಟ್ರೆಪ್ಟೊಕಾಕಸ್ ಸ್ವಲ್ಪ ತಗ್ಗಿತು, ಅಷ್ಟೆ. ಹುಳುವಿನ ಮೈಯಲ್ಲಿ ರೋಗಾಣುನಾಶಕ ಪೆಪ್ಟೈಡ್‌ಗಳು, ಅಂದರೆ ಪ್ರೋಟೀನಿನ ಪುಟ್ಟ ತುಣುಕುಗಳು, ಇವೆ ಎಂಬ ಮಾತನ್ನೂ ಮುಂದೆ ಕೇಳುತ್ತೀರಿ. ಜೀವಂತ ಹುಳುವಿನಲ್ಲಿ ಇರುವುದು ನಿಜ. ಒಣಗಿಸುವ ಶಾಖವನ್ನೂ, ಹೊಟ್ಟೆಯಲ್ಲಿ ಪ್ರೋಟೀನ್ ಒಡೆಯುವ ಪೆಪ್ಸಿನ್ ಕಿಣ್ವವನ್ನೂ ದಾಟಿ ಕೆಲಸ ಮಾಡುತ್ತವೆ ಎಂಬ ನಂಬಿಕೆಗೆ ನಾನಾದರೆ ದುಡ್ಡು ಕೊಡುವುದಿಲ್ಲ.

ಹಾಗಾದರೆ ಹುಳುವಿನ ಪುಡಿ ದಂಡವೇ? ಅಲ್ಲ. ಔಷಧಿ ಎಂದು ನೋಡುವುದನ್ನು ಬಿಟ್ಟು ಆಹಾರ ಎಂದು ನೋಡಿದರೆ ಅದು ಒಳ್ಳೆಯ ವಸ್ತುವೇ. ಹಂದಿಗೆ ಈ ಹುಳುವನ್ನು ತಿನ್ನಿಸಿ ನೋಡಿದ ಪ್ರಯೋಗ 1977ರಷ್ಟು ಹಿಂದೆಯೇ ಅಮೆರಿಕದಲ್ಲಿ ಪ್ರಕಟವಾಗಿದೆ. ಇಟಲಿಯಲ್ಲಿ ಹಾಲು ಬಿಟ್ಟ ಮರಿಗಳಿಗೆ 5% ಮತ್ತು 10% ಪುಡಿ ಕೊಟ್ಟು ಎರಡು ತಿಂಗಳು ನೋಡಿದ್ದಾರೆ. ಬೆಳವಣಿಗೆಗೂ ಕರುಳಿಗೂ ಕೇಡಾಗಲಿಲ್ಲ. ಪವಾಡವೂ ಆಗಲಿಲ್ಲ. ನನಗೆ ಮುಖ್ಯವಾಗಿ ಕಾಣುವ ಲಾಭ ಇಷ್ಟೇ: ಹಾಲು ಬಿಟ್ಟ ಮೊದಲ ಎರಡು ಮೂರು ವಾರ ಸೋಯಾದ ಭಾರವನ್ನು ಸ್ವಲ್ಪ ಇಳಿಸಬಹುದು, ಸೋಯಾದ ಅಲರ್ಜಿಯ ಕಾಟವಿಲ್ಲದ ಪ್ರೋಟೀನ್ ಕೊಡಬಹುದು. ಮರಿಗಳು ಅದನ್ನು ಇಷ್ಟಪಟ್ಟು ತಿಂದರೆ ಅದು ಇನ್ನೂ ದೊಡ್ಡ ಲಾಭ, ಏಕೆಂದರೆ ನಮ್ಮ ಎಲ್ಲ ತೊಂದರೆಯೂ ತಿನ್ನದೆ ಇರುವುದರಿಂದಲೇ ಹುಟ್ಟುವುದು.

ಹುಳುವಿನ ಚಿಪ್ಪಿನಲ್ಲಿರುವ ಕೈಟಿನ್ ಎಂಬ ಗಟ್ಟಿ ವಸ್ತು ಹಂದಿಗೆ ಜೀರ್ಣವೇ ಆಗುವುದಿಲ್ಲ ಎಂದು ಕೆಲವರು ಹೇಳುತ್ತಾರೆ, ಅದು ಪೂರ್ತಿ ನಿಜವಲ್ಲ. ಹಂದಿಯ ಹೊಟ್ಟೆಯಲ್ಲಿ ಅದನ್ನು ಒಡೆಯುವ ಕಿಣ್ವವಿದೆ. ಒಂದು ಭಾಗ ಜೀರ್ಣವಾಗುತ್ತದೆ, ಉಳಿದದ್ದು ನಾರಿನ ಕೆಲಸ ಮಾಡುತ್ತದೆ. ಮಿತಿಮೀರಿದರೆ ಮಾತ್ರ ಪ್ರೋಟೀನ್ ಜೀರ್ಣವಾಗುವುದಕ್ಕೂ ಅಡ್ಡಿ. ಈ ಕೈಟಿನ್‌ನಲ್ಲೂ ಸಾರಜನಕ ಇರುವುದರಿಂದ ಚೀಲದ ಮೇಲಿನ ಅಂಕಿ ಮೋಸ ಮಾಡುತ್ತದೆ, ಯಾರೂ ಬೇಕೆಂದು ಮಾಡಿದ್ದಲ್ಲ. ಪ್ರಯೋಗಾಲಯಗಳು ಸಾರಜನಕ ಅಳೆದು 6.25ರಿಂದ ಗುಣಿಸಿ ಪ್ರೋಟೀನ್ ಎಂದು ಬರೆಯುತ್ತವೆ. ಈ ಹುಳುವಿಗೆ ಹೊಂದುವ ಗುಣಕ 4.76ರಷ್ಟು ಎಂದು ಅಳೆದಿದ್ದಾರೆ. ಆ ಲೆಕ್ಕದಲ್ಲಿ ನಿಮ್ಮ 55% ಪ್ರೋಟೀನ್ ಸುಮಾರು 42%ಕ್ಕೆ ಇಳಿಯುತ್ತದೆ. ಅಂದರೆ ಸೋಯಾ ಹಿಂಡಿಗಿಂತ ಮೇಲು ಎಂದುಕೊಂಡು ಕೊಂಡದ್ದು ಅದಕ್ಕಿಂತ ಸ್ವಲ್ಪ ಕೆಳಗೇ ನಿಲ್ಲುತ್ತದೆ. ಬೆಲೆ ಕಟ್ಟುವಾಗ ಇದು ನೆನಪಿರಲಿ.

ಸುಣ್ಣದ ವಿಷಯವನ್ನು ಬಹಳ ಜನ ಮರೆಯುತ್ತಾರೆ. ಈ ಹುಳುವಿನ ಚಿಪ್ಪಿನಲ್ಲಿ ಕ್ಯಾಲ್ಸಿಯಂ ಧಾರಾಳ, ಪುಡಿಯಲ್ಲಿ 3% ಅಥವಾ ಅದಕ್ಕೂ ಹೆಚ್ಚಿರುವುದು ಸಾಮಾನ್ಯ. ಅದರ ಜೊತೆ ನೀವು ಎಂದಿನಷ್ಟೇ ಸುಣ್ಣದ ಪುಡಿ ಹಾಕಿದರೆ, ಮೊದಲೇ ಆಮ್ಲ ಸಾಲದ ಮರಿಯ ಹೊಟ್ಟೆಯಲ್ಲಿ ಇದ್ದಬದ್ದ ಹುಳಿಯೂ ಸಪ್ಪೆಯಾಗುತ್ತದೆ. ಹುಳಿ ಹೋದರೆ ಕಾವಲು ಹೋದಂತೆ. ಹೊಟ್ಟೆಯ ಆರೋಗ್ಯಕ್ಕೆಂದು ಹಾಕಿದ ಪುಡಿಯೇ ಭೇದಿಗೆ ದಾರಿ ಮಾಡಿಕೊಟ್ಟದ್ದನ್ನು ನಾನು ನೋಡಿದ್ದೇನೆ.

ನಿಮ್ಮ ಮಿಶ್ರಣದಲ್ಲಿ ನಾನು ಮಾಡುವ ಬದಲಾವಣೆ ಹೀಗೆ. ಸೋಯಾ ಹಿಂಡಿಯನ್ನು 30ರಿಂದ 25 ಕೆ.ಜಿ.ಗೆ ಇಳಿಸಿ, ಎಣ್ಣೆ ಹಿಂಡದ ಹುಳುವಿನ ಪುಡಿ 5 ಕೆ.ಜಿ. ಹಾಕಿ. ಸುಣ್ಣದ ಪುಡಿಯಲ್ಲಿ ಸುಮಾರು 350 ಗ್ರಾಂ ಕಡಿಮೆ ಮಾಡಿ. ಒಟ್ಟು ಪ್ರೋಟೀನ್ ಮುಕ್ಕಾಲು ಶೇಕಡಾದಷ್ಟು ಇಳಿಯುತ್ತದೆ, ಇಳಿಯಲಿ. ಈ ವಯಸ್ಸಿನಲ್ಲಿ ಕೊಳೆಯುವ ಪ್ರೋಟೀನ್ ಕಡಿಮೆಯಾದಷ್ಟೂ ಒಳ್ಳೆಯದು. ಆದರೆ ಪ್ರೋಟೀನಿನ ಅಗತ್ಯ ಘಟಕವಾದ ಲೈಸಿನ್ ಕೊರತೆಯಾಗಬಾರದು, ಅದಕ್ಕೆ 40 ಗ್ರಾಂ ಲೈಸಿನ್ ಪುಡಿ ಸೇರಿಸಿ. ಅಂಥದೇ ಇನ್ನೊಂದು ಘಟಕವಾದ ಮೆಥಿಯೊನಿನ್ ಕೂಡ ಈ ಹುಳುವಿನಲ್ಲಿ ಕಡಿಮೆಯೇ, ನಿಮ್ಮ ಖನಿಜ ಮಿಶ್ರಣದಲ್ಲಿ ಎಷ್ಟಿದೆ ಎಂದು ನೋಡಿಕೊಳ್ಳಿ. 10 ಕೆ.ಜಿ. ಬೇಡವೇ ಬೇಡ. ಈ ಆಹಾರವನ್ನು ಹಾಲು ಬಿಡಿಸಿದ ದಿನ ಪರಿಚಯಿಸಬೇಡಿ. ಎರಡು ವಾರ ಮೊದಲೇ, ತಾಯಿಯ ಜೊತೆಗಿರುವಾಗಲೇ ಮೂಲೆಯ ತಟ್ಟೆಯಲ್ಲಿ ದಿನವೂ ಒಂದು ಹಿಡಿ ತಾಜಾ ಇಡಿ. ತಾಯಿ ಹೋದ ದಿನ ಆಹಾರವಾದರೂ ಗುರುತಿನದ್ದಾಗಿರಲಿ.

ಹೀಗೆ ಸಣ್ಣದಾಗಿ ಶುರು ಮಾಡಿದಾಗಲೂ ಒಂದು ಅಪಾಯವಿದೆ. ಹುಳು ಏನು ತಿಂದು ಬೆಳೆದಿತ್ತು? ಇದೊಂದು ಪ್ರಶ್ನೆಗೆ ಉತ್ತರ ಕೊಡಲಾರದವರಿಂದ ಒಂದು ಚೀಲವನ್ನೂ ಕೊಳ್ಳಬೇಡಿ. ನಿಮ್ಮ ಅತ್ತೆಯವರ ಅನುಮಾನ ಇಲ್ಲಿ ಕೆಲಸಕ್ಕೆ ಬರುತ್ತದೆ, ಕಾರಣ ಮಾತ್ರ ಬೇರೆ. ಯುರೋಪ್ ಒಕ್ಕೂಟ 2021ರ ಸೆಪ್ಟೆಂಬರ್‌ನಲ್ಲಿ ಹಂದಿ, ಕೋಳಿಗಳ ಆಹಾರದಲ್ಲಿ ಕೀಟದ ಪ್ರೋಟೀನ್ ಬಳಸಲು ಒಪ್ಪಿಗೆ ಕೊಟ್ಟಿತು. ಆದರೆ ಅಲ್ಲಿ ಸಾಕುವ ಹುಳುವನ್ನು ಹಸು ಹಂದಿಗಳ ಹಾಗೆಯೇ ಸಾಕುಪ್ರಾಣಿ ಎಂದೇ ಲೆಕ್ಕ ಹಾಕುತ್ತಾರೆ. ಅದಕ್ಕೆ ಸಗಣಿ ಗೊಬ್ಬರ, ಹೋಟೆಲಿನ ಮುಸುರೆ ಹಾಕುವಂತಿಲ್ಲ. ಏಕೆಂದರೆ ಹುಳು ಎಲ್ಲವನ್ನೂ ಶುದ್ಧಿ ಮಾಡುವ ಯಂತ್ರವಲ್ಲ. ಬೂಷ್ಟಿನ ವಿಷವಾದ ಅಫ್ಲಾಟಾಕ್ಸಿನ್ ಅದರ ಮೈಯಲ್ಲಿ ಕೂಡಿಕೊಳ್ಳುವುದಿಲ್ಲ ಎಂಬುದು ನಿಜಕ್ಕೂ ಒಳ್ಳೆಯ ಸುದ್ದಿ. ಆದರೆ ಕ್ಯಾಡ್ಮಿಯಂನಂಥ ಲೋಹ ಕೂಡಿಕೊಳ್ಳುತ್ತದೆ. ಸಾಲ್ಮೊನೆಲ್ಲಾ ಇರಬಹುದು, ಬೀಜಕ ಕಟ್ಟಿಕೊಳ್ಳುವ ಬ್ಯಾಕ್ಟೀರಿಯಾಗಳು ಸಾಧಾರಣ ಶಾಖಕ್ಕೆ ಸಾಯುವುದಿಲ್ಲ.

ನಿಮ್ಮ ತಮ್ಮನ ಉಪಾಯ ನನ್ನ ನಿದ್ದೆಗೆಡಿಸಿದ್ದು ಇದಕ್ಕೇ. ಹುಡುಗನ ಉತ್ಸಾಹ ಮೆಚ್ಚುವಂಥದ್ದು, ಲೆಕ್ಕವೂ ಮೇಲ್ನೋಟಕ್ಕೆ ಸರಿ. ಆದರೆ ಕೊಡಗಿನ ಹೋಂಸ್ಟೇ ಎಂದರೆ ಮುಸುರೆಯಲ್ಲಿ ಪಂದಿ ಕರಿಯ ಚೂರು ಇಲ್ಲದೆ ಇರುವುದುಂಟೇ? ಆ ಮಾಂಸ ಎಲ್ಲಿಂದ ಬಂದದ್ದು, ಯಾರ ಹಂದಿಯದು, ಎಷ್ಟು ಬೆಂದಿತ್ತು ಎಂದು ನಿಮಗೆ ಗೊತ್ತಾಗುವುದಿಲ್ಲ. ಆಫ್ರಿಕನ್ ಹಂದಿಜ್ವರ 2020ರಲ್ಲಿ ಅಸ್ಸಾಂ, ಅರುಣಾಚಲಗಳಲ್ಲಿ ಕಾಣಿಸಿಕೊಂಡಿತು. 2022ರ ಜುಲೈಯಲ್ಲಿ ನಿಮ್ಮ ಪಕ್ಕದ ವಯನಾಡಿಗೇ ಬಂತು. ಈ ರೋಗದ ವೈರಸ್ ಸರಿಯಾಗಿ ಬೇಯದ ಮಾಂಸದಲ್ಲಿ ಬಹುಕಾಲ ಬದುಕಿರುತ್ತದೆ, ರೋಗಕ್ಕೆ ಚಿಕಿತ್ಸೆಯಿಲ್ಲ, ಬಂದರೆ ಶೆಡ್ಡು ಖಾಲಿ. ಮನುಷ್ಯರಿಗೆ ಅಂಟುವುದಿಲ್ಲ ಎಂಬುದಷ್ಟೇ ಸಮಾಧಾನ. ಹುಳುವಿನ ಮೈಯೊಳಗೆ ವೈರಸ್ ಬೆಳೆಯುತ್ತದೋ ಇಲ್ಲವೋ ಎಂಬ ಚರ್ಚೆ ಇಲ್ಲಿ ಅನಗತ್ಯ. ಮುಸುರೆಯ ಡ್ರಮ್ಮು, ಅದನ್ನು ಹೊತ್ತ ಗಾಡಿ, ತಮ್ಮನ ಕೈ, ಚಪ್ಪಲಿ, ಹುಳುವಿನ ಮೈಗೆ ಮೆತ್ತಿಕೊಂಡ ಜಿಡ್ಡು, ಇವೆಲ್ಲ ನಿಮ್ಮ ಹಂದಿಗಳ ಬಾಗಿಲಿಗೇ ಬರುತ್ತವೆ. ನೂರು ರೂಪಾಯಿ ಉಳಿಸಲು ಹನ್ನೆರಡು ತಾಯಿ ಹಂದಿಗಳನ್ನು ಪಣಕ್ಕಿಡುವ ಆಟ ಇದು. ಮುಸುರೆ ಹಂದಿಗೆ ಹೋಗಲೇಬೇಕಿದ್ದರೆ ವಿಶ್ವ ಪ್ರಾಣಿ ಆರೋಗ್ಯ ಸಂಸ್ಥೆ ಹೇಳುವ ಅಳತೆ ಇದು: ತಿರುವುತ್ತಾ 90 ಡಿಗ್ರಿಯಲ್ಲಿ ಕನಿಷ್ಠ ಒಂದು ಗಂಟೆ. ಸೌದೆ ಒಲೆಯಲ್ಲಿ ದಿನವೂ ಅಷ್ಟು ಮಾಡುವವರನ್ನು ನಾನು ಹೆಚ್ಚು ಕಂಡಿಲ್ಲ. ಈಗಲೇ ನೀವು ದೊಡ್ಡ ಹಂದಿಗಳಿಗೆ ಹೊರಗಿನ ಮುಸುರೆ ಹಾಕುತ್ತಿದ್ದರೆ, ಪತ್ರದಲ್ಲಿ ಬರೆದಿಲ್ಲ, ಮೊದಲು ಅದನ್ನು ನಿಲ್ಲಿಸಿ.

ತಮ್ಮನಿಗೆ ಹುಳು ಬೆಳೆಸುವ ಆಸೆ ಬಲವಾಗಿದ್ದರೆ ತೌಡು, ಹಲಸು, ಬಾಳೆ, ಕಿತ್ತಳೆಯಂಥ ತೋಟದ್ದೇ ಉಳಿಕೆಯಲ್ಲಿ ಬೆಳೆಸಲಿ, ಔಷಧಿ ಸಿಂಪಡಿಸಿದ್ದು ಬೇಡ. ಇದು ಮನೆನೊಣದಂತೆ ಅನ್ನದ ಮೇಲೆ ಕೂರುವ ಜಾತಿಯಲ್ಲ, ಕಚ್ಚುವುದೂ ಇಲ್ಲ, ಅಕ್ಕಪಕ್ಕದವರು ಹೆದರಬೇಕಾಗಿಲ್ಲ. ಆದರೆ ಅದಕ್ಕೆ ಬೇಕಾದದ್ದು 27ರಿಂದ 30 ಡಿಗ್ರಿಯ ಬಿಸಿ. ನಿಮ್ಮ ಜುಲೈ ತಿಂಗಳಲ್ಲಿ ಮನುಷ್ಯರೇ ಒಲೆಯ ಮುಂದೆ ಕೂರುವಾಗ ಹುಳು ಸುಮ್ಮನೆ ಮಲಗಿಬಿಡುತ್ತದೆ. ಕೊಯ್ದ ಹುಳುವನ್ನು ಕುದಿಯುವ ನೀರಿಗೆ ಹಾಕಿ ತೆಗೆದು, ತೇವ ನೂರಕ್ಕೆ ಹತ್ತಕ್ಕಿಂತ ಕೆಳಗಿಳಿಯುವವರೆಗೆ ಒಣಗಿಸಬೇಕು. ಆ ಮಳೆಯಲ್ಲಿ ಅದು ಕಾಫಿ ಒಣಗಿಸುವುದಕ್ಕಿಂತ ಕಷ್ಟ.

ಕೆಲವರು ರಾಮನಗರ, ಶಿಡ್ಲಘಟ್ಟಗಳ ನೂಲು ಬಿಚ್ಚುವ ಘಟಕಗಳಿಂದ ರೇಷ್ಮೆ ಪ್ಯೂಪಾ ತರಿಸಬಹುದೇ ಎಂದು ಕೇಳುತ್ತಾರೆ. ಪ್ರೋಟೀನ್ ಲೆಕ್ಕದಲ್ಲಿ ಅದು ಸೈನಿಕ ನೊಣವನ್ನೂ ಮೀರಿಸುತ್ತದೆ. ಆದರೆ ಅದರ ಎಣ್ಣೆ ಬೇಗ ಕಮಟುತ್ತದೆ, ಆ ಊರುಗಳ ಗಾಳಿ ಕುಡಿದವರಿಗೆ ನಾನು ವಿವರಿಸಬೇಕಾಗಿಲ್ಲ. ಕಮಟಿದ ಕೊಬ್ಬನ್ನು ದೊಡ್ಡ ಹಂದಿ ತಡೆದುಕೊಂಡೀತು, ಸವೆದ ಕರುಳಿನ ಮರಿ ತಡೆಯುವುದಿಲ್ಲ. ನಿಮಗೆ ಬೇಡ.

ಹುಳು ಹಾಕಿದರೂ ಹಾಕದಿದ್ದರೂ ಮೊದಲ ಮೂರು ದಿನಗಳದ್ದೇ ಆಟ ಎಂದು ಅನುಭವದಿಂದ ಹೇಳುತ್ತೇನೆ. ಹಾಸನದ ಕಡೆಯ ಒಂದು ಫಾರ್ಮಿನವರು ಹುಳುವಿನ ಪುಡಿ ಶುರು ಮಾಡಿದ ಮೇಲೆ ಭೇದಿ ಅರ್ಧಕ್ಕರ್ಧ ಇಳಿಯಿತು ಎಂದು ಫೋನಿನಲ್ಲಿ ಹೇಳಿದರು. ಹೋಗಿ ನೋಡಿದರೆ ಅದೇ ವಾರ ಸೋರುತ್ತಿದ್ದ ಮಾಡು ರಿಪೇರಿಯಾಗಿತ್ತು, ಮರಿಗಳ ಮೂಲೆಗೆ ಬಲ್ಬು ಬಂದಿತ್ತು. ಕೀರ್ತಿ ಮಾತ್ರ ಪುಡಿಗೆ ಹೋಗಿತ್ತು.

35 ದಿನದ ಮರಿಗೆ ಮೊದಲ ವಾರ ಮಲಗುವ ಜಾಗದಲ್ಲಿ 26ರಿಂದ 28 ಡಿಗ್ರಿ ಬೇಕು. ನಿಮ್ಮ ಮಳೆಗಾಲದ ರಾತ್ರಿ ಅದಕ್ಕಿಂತ ಎಷ್ಟೋ ತಣ್ಣಗಿರುತ್ತದೆ. ಒಣ ಭತ್ತದ ಹುಲ್ಲು, ಗಾಳಿ ನುಗ್ಗುವ ಕಡೆ ಗೋಣಿ ಪರದೆ, ಮೇಲೊಂದು ಬಲ್ಬು. ಮರಿಗಳು ಒಂದರ ಮೇಲೊಂದು ಗುಡ್ಡೆಯಾಗಿ ಮಲಗಿದ್ದರೆ ಚಳಿ ಇದೆ ಎಂದೇ ಅರ್ಥ. ನೀರಿನ ನಿಪ್ಪಲ್ಲು ಮರಿಯ ಭುಜದ ಎತ್ತರಕ್ಕಿರಲಿ, ನಿಮಿಷಕ್ಕೆ ಅರ್ಧ ಲೀಟರ್ ಬರುತ್ತದೆಯೇ ಎಂದು ಚೊಂಬು ಹಿಡಿದು ಅಳೆಯಿರಿ. ಹಾಲು ಕುಡಿದು ಬೆಳೆದ ಮರಿಗೆ ನಿಪ್ಪಲ್ಲಿನಲ್ಲಿ ನೀರಿದೆ ಎಂದೇ ಗೊತ್ತಿರುವುದಿಲ್ಲ, ಮೊದಲ ದಿನ ಅಗಲ ತಟ್ಟೆಯಲ್ಲೂ ನೀರಿಡಿ. ಆಹಾರವನ್ನು ಒಂದಕ್ಕೆರಡು ಬೆಚ್ಚನೆಯ ನೀರಿನಲ್ಲಿ ಗಂಜಿಯಂತೆ ಕಲಸಿ ದಿನಕ್ಕೆ ನಾಲ್ಕೈದು ಸಲ ಸ್ವಲ್ಪ ಸ್ವಲ್ಪವೇ ಕೊಡಿ, ಉಳಿದದ್ದನ್ನು ತೊಳೆದು ಚೆಲ್ಲಿ. ಮೂರನೆಯ ದಿನ ಬಕಾಸುರನ ಹಾಗೆ ಬೀಳುವುದು ಇದರಿಂದ ತಪ್ಪುತ್ತದೆ. ಸೂಲುಗಳನ್ನು ಬೆರೆಸದಿದ್ದರೆ ಇನ್ನೂ ಒಳ್ಳೆಯದು. ಸಾಧ್ಯವಿದ್ದರೆ ಮಳೆಗಾಲದಲ್ಲಿ ಹಾಲು ಬಿಡಿಸುವುದನ್ನು 42ನೇ ದಿನಕ್ಕೆ ತಳ್ಳಿ. ಒಂದು ವಾರದ ದಿನಲೆಕ್ಕ ಹೋಗುತ್ತದೆ, ಎರಡು ಮರಿ ಉಳಿದರೆ ಅದರ ಮುಂದೆ ಅದೇನೂ ಅಲ್ಲ.

ಸತುವಿನ ಆಕ್ಸೈಡ್ ಬಗ್ಗೆ ಯಾರಾದರೂ ಹೇಳಿಯೇ ಹೇಳುತ್ತಾರೆ. 100 ಕೆ.ಜಿ. ಆಹಾರಕ್ಕೆ 250 ಗ್ರಾಂ, ಎರಡು ವಾರ ಹಾಕಿದರೆ ಈ ಭೇದಿ ತಗ್ಗುತ್ತದೆ, ಹುಳುವಿನ ಪುಡಿಗಿಂತ ನಿಚ್ಚಳವಾಗಿ. ಯುರೋಪಿನವರು ದಶಕಗಳ ಕಾಲ ಅದನ್ನೇ ನಂಬಿಕೊಂಡಿದ್ದರು. 2022ರ ಜೂನ್‌ನಲ್ಲಿ ಔಷಧಿಯ ಪ್ರಮಾಣದಲ್ಲಿ ಬಳಸುವುದನ್ನು ನಿಲ್ಲಿಸಿಬಿಟ್ಟರು. ಹೊಟ್ಟೆಯಲ್ಲಿ ಉಳಿಯದ ಸತುವೆಲ್ಲ ಗೊಬ್ಬರದ ಜೊತೆ ಮಣ್ಣಿಗೆ ಸೇರಿ ಅಲ್ಲೇ ಕೂರುತ್ತದೆ, ಔಷಧಿಗೆ ಬಗ್ಗದ ಬ್ಯಾಕ್ಟೀರಿಯಾಗಳಿಗೂ ಪೋಷಣೆಯಾಗುತ್ತದೆ ಎಂಬುದು ಕಾರಣ. ಹಂದಿ ಗೊಬ್ಬರವನ್ನು ಕಾಫಿ ಗಿಡಕ್ಕೇ ಹಾಕುವ ನಿಮಗೆ ನಾನು ಅದನ್ನು ವರ್ಷವಿಡೀ ಹಾಕಿ ಎಂದು ಹೇಳಲಾರೆ. ಸಾವು ವಿಪರೀತವಾದ ಒಂದು ಸೂಲಿಗೆ, ಪಶುವೈದ್ಯರು ಒಪ್ಪಿದರೆ, ಎರಡು ವಾರದ ಮಟ್ಟಿಗೆ ಸರಿ.

ಈಗ ಆ ಔಷಧಿ ಪುಡಿ. ಅದರ ಮೇಲೆ ಕೊಲಿಸ್ಟಿನ್ ಎಂದು ಬರೆದಿದ್ದರೆ ಇವತ್ತೇ ಬಿಸಾಡಿ. ಆಹಾರಕ್ಕಾಗಿ ಸಾಕುವ ಪ್ರಾಣಿಗಳಿಗೆಂದು ಅದನ್ನು ತಯಾರಿಸುವುದನ್ನೂ ಮಾರುವುದನ್ನೂ ಕೇಂದ್ರ ಸರ್ಕಾರ 2019ರ ಜುಲೈಯಲ್ಲಿ ನಿಷೇಧಿಸಿದೆ. ಮನುಷ್ಯರಿಗೆ ಬೇರೆ ಯಾವ ಔಷಧಿಯೂ ನಾಟದಾಗ ಉಳಿಯುವ ಕೊನೆಯ ಮದ್ದುಗಳಲ್ಲಿ ಅದೂ ಒಂದು. ಬೇರೆ ಯಾವುದೇ ಆದರೂ ಆರೋಗ್ಯವಾಗಿರುವ ಮರಿಗಳ ಆಹಾರಕ್ಕೆ ಪ್ರತಿ ಸಲ ಬೆರೆಸುವುದನ್ನು ಬಿಡಿ. ಕಾಯಿಲೆ ಬಿದ್ದ ಮರಿ ತಿನ್ನುವುದೇ ಇಲ್ಲ, ಆಹಾರದಲ್ಲಿರುವ ಔಷಧಿ ಅದಕ್ಕೆ ತಲುಪುವುದೂ ಇಲ್ಲ. ಅದಕ್ಕೆ ಬೇಕಾದದ್ದು ತಕ್ಷಣ ಓಆರ್‌ಎಸ್ ನೀರು, ಬೆಚ್ಚನೆಯ ಜಾಗ, ಅಗತ್ಯವಿದ್ದರೆ ಪಶುವೈದ್ಯರು ಕೊಡುವ ಚುಚ್ಚುಮದ್ದು. ಭೇದಿ ನಡೆಯುತ್ತಿರುವಾಗ ಮಾತ್ರ ಅವರನ್ನು ಕೇಳದೆ ನೀವಾಗಿಯೇ ಔಷಧಿ ನಿಲ್ಲಿಸಬೇಡಿ.

ಹುಳುವಿನ ಪುಡಿ ನಿಮ್ಮಲ್ಲಿ ಕೆಲಸ ಮಾಡುತ್ತದೆಯೇ ಎಂದು ತಿಳಿಯಲು ಒಂದೇ ಸೂಲನ್ನು ಎರಡು ಗುಂಪು ಮಾಡಿ, ತೂಕ ಸಮನಾಗಿರುವ ಹಾಗೆ. ಒಂದಕ್ಕೆ ಹೊಸ ಆಹಾರ, ಇನ್ನೊಂದಕ್ಕೆ ಹಳೆಯದು. ಬಲ್ಬು, ಹುಲ್ಲು, ನೀರು ಎರಡಕ್ಕೂ ಒಂದೇ. ಹಾಲು ಬಿಡಿಸಿದ ದಿನ ಮತ್ತು ಹದಿನಾಲ್ಕನೇ ದಿನ ತೂಕ, ನಡುವೆ ದಿನವೂ ಎಷ್ಟು ಮರಿಗೆ ಭೇದಿ ಎಂದು ಗೋಡೆಯ ಮೇಲೆ ಇದ್ದಿಲಿನಲ್ಲಿ ಗೀಚಿದರೂ ಸಾಕು. ಒಂದು ಸೂಲಿನಲ್ಲಿ ಎರಡು ಮರಿ ಹೆಚ್ಚುಕಡಿಮೆಯಾಗುವುದು ಅದೃಷ್ಟದಿಂದಲೂ ಆಗುತ್ತದೆ, ಆರೇಳು ಸೂಲು ನೋಡದೆ ತೀರ್ಮಾನಕ್ಕೆ ಬರಬೇಡಿ. ಮಾರಾಟಗಾರರು ಎಣ್ಣೆ ಹಿಂಡದ ಪುಡಿಯನ್ನು, ಹುಳು ಏನು ತಿಂದಿತ್ತು ಎಂಬ ಬರವಣಿಗೆಯ ಜೊತೆ ಕೊಡುವುದಾದರೆ ಈ ಪರೀಕ್ಷೆಗೆ ಬೇಕಾಗುವಷ್ಟು ಮಾತ್ರ ಕೊಳ್ಳಿ. ಮಳೆಗಾಲದಲ್ಲಿ ಚೀಲ ನೆಲದ ಮೇಲಿಡಬೇಡಿ, ಬೂಷ್ಟು ಹಿಡಿದರೆ ಮರಿಗಳಿಗೆ ಹಾಕದೆ ಚೆಲ್ಲಿಬಿಡಿ.

ಅದಕ್ಕೂ ಮೊದಲು ಒಂದು ಕೆಲಸ. ಮುಂದಿನ ಸೂಲಿನಲ್ಲಿ ಭೇದಿ ಶುರುವಾದ ದಿನವೇ, ಯಾವ ಔಷಧಿಯನ್ನೂ ಕೊಡುವ ಮುನ್ನ, ಮೂರು ನಾಲ್ಕು ಮರಿಗಳ ಗುದದ್ವಾರದಿಂದ ಹತ್ತಿಯ ಕಡ್ಡಿಯಲ್ಲಿ ಮಾದರಿ ತೆಗೆಸಿ. ತಾಲ್ಲೂಕಿನ ಪಶು ಆಸ್ಪತ್ರೆಯವರು ತೆಗೆದುಕೊಡುತ್ತಾರೆ. ಐಸ್ ಡಬ್ಬಿಯಲ್ಲಿಟ್ಟು ಹಾಸನದ ಪಶುವೈದ್ಯಕೀಯ ಕಾಲೇಜಿಗೆ ತಡಮಾಡದೆ ತಲುಪಿಸಿ. ಯಾವ ರೋಗಾಣು, ಯಾವ ಔಷಧಿಗೆ ಬಗ್ಗುತ್ತದೆ, ಎರಡನ್ನೂ ಕೇಳಿ ಬರೆಸಿಕೊಳ್ಳಿ. ಆ ಚೀಟಿ ಬಂದ ಮೇಲೆ ಇನ್ನೊಮ್ಮೆ ಬರೆಯಿರಿ. ಒಣಮೀನಿನ ಪುಡಿಯದ್ದೂ ಒಂದು ಹಿಡಿ ಪರೀಕ್ಷೆಗೆ ಕಳಿಸಿ: ಅದರಲ್ಲಿ ಮರಳು, ಉಪ್ಪು ಎಷ್ಟಿದೆ, ಯೂರಿಯಾ ಬೆರೆಸಿದ್ದಾರೆಯೇ ಎಂದು ನೋಡಬೇಕು.